ಹಿಂದೆ ಬರುವವರಿಗೊಂದು ಸನ್ನೆ



ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಹೆಲ್ಮೆಟ್ ತೊಟ್ಟ ಸೈಕಲ್ ಸವಾರರ ಗುಂಪು ಕಾಣುವುದು ಈಗ ಅಪರೂಪವೇನಲ್ಲ. ಸಾಗರದ ಸುತ್ತ ಹತ್ತು ಕಿಲೋಮೀಟರಿನೊಳಗೇ ಇಕ್ಕೇರಿಯಿದೆ, ಕೆಳದಿಯಿದೆ, ಶ್ರೀಧರ ಸ್ವಾಮಿಗಳ ವರದಹಳ್ಳಿಯಿದೆ. ಕಾಲು ಪಳಗಿದವರಿಗೆ ಹೊಸನಗರದಾಚೆ ಹುಲಿಕಲ್ ಘಾಟಿ, ತೀರ್ಥಹಳ್ಳಿಯಾಚೆ ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ. ಬ್ಯಾಂಕಿನವರು, ಮೇಷ್ಟ್ರು, ಅಂಗಡಿಯವರು, ತೋಟದ ಕೆಲಸ ಮುಗಿಸಿ ಬಂದವರು, ಹೀಗೆ ಬೇರೆ ಬೇರೆ ಬದುಕಿನವರು ಒಂದೇ ಸಾಲಿನಲ್ಲಿ ಪೆಡಲ್ ತುಳಿಯುತ್ತಾರೆ.

ಇವರು ಚಹಾಕ್ಕೆಂದು ನಿಂತಾಗ ಆಡುವ ಮಾತನ್ನು ಕೇಳಬೇಕು. ಬಾಯಾರುವ ಮೊದಲೇ ನೀರು ಕುಡಿ, ಹಸಿಯುವ ಮೊದಲೇ ಏನಾದರೂ ತಿನ್ನು. ಘಾಟಿ ಇಳಿಯುವಾಗ ತಿರುವಿಗೆ ಮೊದಲೇ ಬ್ರೇಕ್ ಹಿಡಿ, ತಿರುವಿನ ನಡುವೆ ಹಿಡಿಯಬೇಡ. ಮಳೆಗಾಲದಲ್ಲಿ ಟಯರಿನ ಗಾಳಿ ತುಸು ಇಳಿಸು; ರಸ್ತೆಗೆ ಬಳಿದ ಬಿಳಿ ಪಟ್ಟೆ ಒದ್ದೆಯಾದರೆ ಜಾರುತ್ತದೆ, ಮರದ ನೆರಳಿನಲ್ಲಿ ಹಾವಸೆ ಕಟ್ಟಿರುತ್ತದೆ. ಒಂದು ಟ್ಯೂಬು, ಒಂದು ಪಂಪು ಇಲ್ಲದೆ ಮನೆ ಬಿಡಬೇಡ. ಇವು ಎಲ್ಲೋ ಓದಿ ಒಪ್ಪಿಸುವ ಮಾತುಗಳಲ್ಲ. ಒಂದೊಂದರ ಹಿಂದೆಯೂ ಯಾರದೋ ತರಚಿದ ಮೊಣಕಾಲಿದೆ, ಯಾರೋ ಬಿಸಿಲಲ್ಲಿ ಸುಸ್ತಾಗಿ ರಸ್ತೆಬದಿ ಕುಳಿತ ಮಧ್ಯಾಹ್ನವಿದೆ.

ಈ ಸವಾರರ ಒಂದು ಪದ್ಧತಿ ನಮಗೆಲ್ಲರಿಗೂ ಪಾಠ ಎಂದು ನನಗನ್ನಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶಕ್ತಿಯ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಹತ್ತಿರ ಹತ್ತಿರ ಸಾಗುತ್ತಾರೆ. ಮುಂದಿನವರು ಗಾಳಿಗೆ ಎದೆಯೊಡ್ಡುತ್ತಾರೆ, ಹಿಂದಿನವರಿಗೆ ಶ್ರಮ ಕಡಿಮೆಯಾಗುತ್ತದೆ. ದಣಿದಾಗ ಮುಂದಿದ್ದವರು ಹಿಂದಕ್ಕೆ ಸರಿಯುತ್ತಾರೆ, ಹಿಂದಿದ್ದವರು ಮುಂದೆ ಬರುತ್ತಾರೆ. ಆದರೆ ಇದರಲ್ಲೊಂದು ಅಪಾಯವೂ ಇದೆ. ಗಾಳಿಯನ್ನು ತಡೆಯುವ ಅದೇ ಬೆನ್ನು ಹಿಂದಿನವರ ಕಣ್ಣಿಗೆ ರಸ್ತೆಯನ್ನೂ ಮರೆಮಾಡುತ್ತದೆ. ಮುಂದಿನವರು ಗುಂಡಿ ಕಂಡು ತಾವು ಮಾತ್ರ ತಪ್ಪಿಸಿಕೊಂಡರೆ, ಹಿಂದಿನವರು ನೇರವಾಗಿ ಅದಕ್ಕೇ ಬೀಳುತ್ತಾರೆ.

ಅದಕ್ಕೇ ಅವರಲ್ಲೊಂದು ಕಟ್ಟುಪಾಡು. ಗುಂಡಿ ಕಂಡವರು ಕೈ ಕೆಳಗೆ ಚಾಚಿ ಬೆರಳು ತೋರಿಸಬೇಕು, ‘ಗುಂಡಿ!’ ಎಂದು ಕೂಗಬೇಕು. ಎರಡನೆಯವರು ಮೂರನೆಯವರಿಗೆ, ಮೂರನೆಯವರು ನಾಲ್ಕನೆಯವರಿಗೆ ಅದನ್ನು ದಾಟಿಸಬೇಕು. ನಡುವೆ ಒಬ್ಬರು ಸುಮ್ಮನಾದರೆ ಅಲ್ಲಿಂದ ಹಿಂದಿರುವವರೆಲ್ಲ ಕುರುಡರು.

ಬಂಧುಗಳೆ, ಬುದ್ಧಿಮಾತು ಹೇಗಿರಬೇಕು ಎನ್ನುವುದಕ್ಕೆ ಈ ಸನ್ನೆಗಿಂತ ಒಳ್ಳೆಯ ಮಾದರಿ ನನಗೆ ಕಾಣುವುದಿಲ್ಲ. ಅದು ಸಕಾಲದಲ್ಲಿ ಬರುತ್ತದೆ. ಗುಂಡಿ ದಾಟಿದ ಮೇಲೆ ಹೇಳಿ ಫಲವಿಲ್ಲ. ಅದು ಚುಟುಕಾಗಿರುತ್ತದೆ, ಉಪನ್ಯಾಸಕ್ಕೆ ಅಲ್ಲಿ ಹೊತ್ತಿಲ್ಲ. ಅದರಲ್ಲಿ ಹೀಯಾಳಿಕೆಯಿಲ್ಲ. ಜೊತೆಗೆ, ಅದು ಯಾರ ಹ್ಯಾಂಡಲನ್ನೂ ಕಸಿದುಕೊಳ್ಳುವುದಿಲ್ಲ. ಗುಂಡಿ ಇದೆ ಎಂದು ತಿಳಿಸುವುದು ಮುಂದಿನವರ ಕರ್ತವ್ಯ. ಎಡಕ್ಕೆ ಹೊರಳಬೇಕೋ ಬಲಕ್ಕೋ ಎನ್ನುವುದು ಹಿಂದಿನವರ ಸ್ವಾತಂತ್ರ್ಯ. ಮಕ್ಕಳಿಗೆ ಬುದ್ಧಿ ಹೇಳುವ ನಾವು ಈ ಎರಡನೆಯದನ್ನು ಎಷ್ಟು ಸಲ ಮರೆಯುತ್ತೇವೆ!

ನಮ್ಮ ಬದುಕಿನಲ್ಲೂ ನಾವೆಲ್ಲ ಯಾರಿಗೋ ಮುಂದೆ, ಯಾರಿಗೋ ಹಿಂದೆ ಇದ್ದೇವೆ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಅರ್ಜಿ ಎಲ್ಲಿ ಹಾಕಬೇಕು, ವಿದ್ಯಾರ್ಥಿವೇತನ ಹೇಗೆ ಸಿಗುತ್ತದೆ ಎಂದು ಗೊತ್ತಾಗಿದೆ. ಅದನ್ನು ಅವಳು ಪಕ್ಕದ ಮನೆಯ ತಂಗಿಗೆ ಹೇಳಬೇಕು. ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳನ್ನು ಎಲೆಚುಕ್ಕೆ ರೋಗ ಕಾಡುತ್ತಿದೆ. ತನ್ನ ಮರದ ಸೋಗೆಯಲ್ಲಿ ಮೊದಲ ಚುಕ್ಕೆ ಕಂಡವರು ಬೇಲಿಯಾಚೆಯವರಿಗೆ ಆ ದಿನವೇ ತಿಳಿಸಬೇಕು. ಸಾಲ ಕೊಡುತ್ತೇವೆಂದು ಫೋನಿನಲ್ಲಿ ನಂಬಿಸಿ ಮೋಸ ಮಾಡಿದವರಿಂದ ಹಣ ಕಳೆದುಕೊಂಡವರು, ಮರ್ಯಾದೆಗೆ ಅಂಜದೆ ಅದನ್ನು ನಾಲ್ಕು ಜನರಿಗೆ ಹೇಳಬೇಕು.

ಹಾಗಾದರೆ ನಾವೇಕೆ ಹೇಳುವುದಿಲ್ಲ? ನಾಚಿಕೆ ಒಂದು ಕಾರಣ. ‘ನಾನು ಬಿದ್ದು ಕಲಿತೆ, ಅವನೂ ಬಿದ್ದೇ ಕಲಿಯಲಿ’ ಎಂಬ ಕಹಿ ಇನ್ನೊಂದು. ಎಲ್ಲಕ್ಕಿಂತ ದೊಡ್ಡ ಕಾರಣ, ಪಕ್ಕದವರನ್ನು ಪ್ರತಿಸ್ಪರ್ಧಿ ಎಂದುಕೊಳ್ಳುವುದು. ಸೈಕಲ್ ಸವಾರರಲ್ಲಿ ಬ್ರೆವೆ ಎಂಬ ದೂರಸವಾರಿಯಿದೆ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅಲ್ಲಿ ಸ್ಥಾನಗಳಿಲ್ಲ, ಮೊದಲು ಬಂದವರಿಗೂ ಗಡುವಿನ ಕೊನೆಯ ನಿಮಿಷದಲ್ಲಿ ಬಂದವರಿಗೂ ಮನ್ನಣೆ ಒಂದೇ. ಹಾಗಿರುವುದರಿಂದ ಪಂಕ್ಚರಾದವರ ಬಳಿ ನಿಂತು ಕೈಜೋಡಿಸಿದರೆ ಯಾರಿಗೂ ನಷ್ಟವಿಲ್ಲ. ಬದುಕಿನ ಬಹುಪಾಲು ಹಾದಿಯೂ ಹೀಗೆಯೇ ಇದೆ. ನೆರೆಯವರು ದಡ ಸೇರಿದರೆ ನಮ್ಮ ದಡ ದೂರವಾಗುವುದಿಲ್ಲ.

ವರದಹಳ್ಳಿಯ ಹಿರಿಮೆಯೂ ಇದನ್ನೇ ನೆನಪಿಸುತ್ತದೆ. ಶ್ರೀಧರ ಸ್ವಾಮಿಗಳು ಸಮರ್ಥ ರಾಮದಾಸರ ಸಜ್ಜನಗಡದಲ್ಲಿ ಸೇವೆ ಮಾಡಿದವರು, ನಾಡೆಲ್ಲ ಸಂಚರಿಸಿದವರು. ಕೊನೆಗೆ ಈ ಗುಡ್ಡದಲ್ಲಿ ನೆಲೆ ನಿಂತು, 1973ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಯೇ ದೇಹ ಬಿಟ್ಟರು. ಸಾಧನೆ ತನಗಾಯಿತು ಎಂದು ಅವರು ಬಾಗಿಲು ಮುಚ್ಚಿಕೊಳ್ಳಲಿಲ್ಲ. ನಡೆದ ದಾರಿಯನ್ನು ಬಂದವರಿಗೆ ತೋರಿಸಿದರು. ಆ ಮಟ್ಟದ ಬೆಳಕು ನಮ್ಮಲ್ಲಿ ಇಲ್ಲದಿರಬಹುದು. ಆದರೆ ಒಂದು ಗುಂಡಿ ತೋರಿಸುವಷ್ಟು ಅನುಭವ ನಮ್ಮೆಲ್ಲರಲ್ಲೂ ಇದೆ.

ಇನ್ನೊಂದು ಮಾತು. ಹಿಂದಿರುವವರಿಗೂ ಕರ್ತವ್ಯವುಂಟು. ಬೇರೆಯವರ ಬೆನ್ನ ಮರೆಯಲ್ಲಿ ದೂರ ಸಾಗಿದವರು ತಮ್ಮ ಸರದಿ ಬಂದಾಗ ಮುಂದೆ ಬಂದು ಗಾಳಿಗೆ ಒಡ್ಡಿಕೊಳ್ಳಬೇಕು. ಪಡೆದ ಆಸರೆಯ ಋಣ ತೀರುವುದು ಹಾಗೆ.

ಈ ದಿನ ಕೆಲಸಕ್ಕೆ ಹೊರಡುವ ಮುನ್ನ ಒಮ್ಮೆ ಯೋಚಿಸಿ: ನಿಮ್ಮ ಹಿಂದೆ ಬರುತ್ತಿರುವವರು ಯಾರು? ಮಗನೋ, ಸೊಸೆಯೋ, ಕಚೇರಿಗೆ ಹೊಸದಾಗಿ ಸೇರಿದವರೋ? ನೀವು ಕಂಡ ಒಂದು ಗುಂಡಿಯನ್ನು ಅವರಿಗೆ ಇಂದೇ ತಿಳಿಸಿ. ಚುಟುಕಾಗಿ ಹೇಳಿ, ಪ್ರೀತಿಯಿಂದ ಹೇಳಿ, ಹೇಳಿ ಅವರನ್ನು ನಂಬಿ.