ಲೋಹಕ್ಕೆ ಸೆಲ್ಯುಲೋಸ್ ಬಣ್ಣ: ಆಯ್ಕೆ ಮತ್ತು ಬಳಕೆ

ಮುಂಬಯಿ, ಚೆನ್ನೈಯಂತಹ ಕಡಲತೀರದ ನಗರಗಳಲ್ಲಿ ನೆಲೆಸಿರುವ ಕೇಳುಗರಿಗೆ ಕಬ್ಬಿಣದ ತುಕ್ಕನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಊರಿನಿಂದ ತಂದ ಉಕ್ಕಿನ ಬೀರು ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಕಾಲುಗಳ ಬಳಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಾಗಿಲಿನ ಅಂಚಿನಲ್ಲಿ ಬಣ್ಣ ಹೊಪ್ಪಳೆಯಾಗಿ ಏಳುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆ. ಕಡಲ ಗಾಳಿಯಲ್ಲಿರುವ ಉಪ್ಪು ಅದರ ವೇಗವನ್ನು ಹೆಚ್ಚಿಸುತ್ತದೆ. ಮನೆಯವರು ಪೇಂಟರನ್ನು ಕರೆಸುತ್ತಾರೆ. ಎರಡು ದಿನಗಳಲ್ಲಿ ಬೀರು ಹೊಸದರಂತೆ ಹೊಳೆಯುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಅದೇ ಹೊಪ್ಪಳೆ. ಬಣ್ಣವೇ ಕಳಪೆಯೆಂದು ಅಂಗಡಿಯವನನ್ನು ದೂರುವುದು ವಾಡಿಕೆ. ಆದರೆ ಬಹುಮಟ್ಟಿಗೆ ತಪ್ಪು ಅಡಗಿರುವುದು ಬಣ್ಣದ ಕೆಳಗೆ.

ವರ್ಕ್‌ಶಾಪುಗಳಲ್ಲಿ ‘ಡ್ಯೂಕೋ’ ಎಂದೂ ಅಂಗಡಿಗಳಲ್ಲಿ ‘ಎನ್.ಸಿ. ಪೇಂಟ್’ ಎಂದೂ ಕರೆಯಲ್ಪಡುವುದು ನೈಟ್ರೋಸೆಲ್ಯುಲೋಸ್ ಬಣ್ಣ. ಹತ್ತಿಯಲ್ಲಿ ಅಥವಾ ಮರದ ತಿರುಳಿನಲ್ಲಿರುವ ಸೆಲ್ಯುಲೋಸನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಸಂಸ್ಕರಿಸಿದಾಗ ಇದರ ಮೂಲವಸ್ತು ದೊರೆಯುತ್ತದೆ. 1846ರಲ್ಲಿ ಷೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಬಳಕೆಗೆ ತಂದ ಸ್ಫೋಟಕ ಹತ್ತಿಯೂ ಇದೇ ಕುಲಕ್ಕೆ ಸೇರಿದ್ದು. ಬಣ್ಣಕ್ಕೆ ಬಳಸುವ ಬಗೆಯಲ್ಲಿ ಸಾರಜನಕದ ಪ್ರಮಾಣ ಕಡಿಮೆ, ಅಷ್ಟೇ. ಮೊದಲು ಮೋಟಾರು ಗಾಡಿಗಳಿಗೆ ಎಣ್ಣೆಯ ವಾರ್ನಿಷುಗಳನ್ನು ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಅಮೆರಿಕದ ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಣ್ಣವನ್ನು 1923ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಕ್ಲೆಂಡ್ ಕಾರುಗಳಿಗೆ ಬಳಸಿದಾಗ ಆ ಕೆಲಸ ಗಂಟೆಗಳಿಗೆ ಇಳಿಯಿತು. ಆ ಬಣ್ಣದ ವ್ಯಾಪಾರಿ ಹೆಸರು ನಮ್ಮ ದೇಶದಲ್ಲಿ ಬಣ್ಣದ ಜಾತಿಯ ಹೆಸರೇ ಆಗಿ ಉಳಿಯಿತು.

ಈ ಬಣ್ಣ ಒಣಗುವ ಬಗೆಯನ್ನು ಅರಿತರೆ ಉಳಿದದ್ದೆಲ್ಲ ಸುಲಭ. ಎಣ್ಣೆ ಮೂಲದ ಸಿಂಥೆಟಿಕ್ ಎನಾಮೆಲ್ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಸೆಲ್ಯುಲೋಸ್ ಬಣ್ಣದಲ್ಲಾದರೋ ಥಿನ್ನರ್ ಆವಿಯಾಗಿ ಹೋಗುತ್ತದೆ, ಬಣ್ಣ ಉಳಿಯುತ್ತದೆ. ವರ್ಷಗಳ ನಂತರವೂ ಥಿನ್ನರ್ ತಗುಲಿದರೆ ಕರಗುತ್ತದೆ. ಆದ್ದರಿಂದಲೇ ಹೊಸ ಪದರ ಹಳೆಯದರೊಡನೆ ಬೆರೆತು ಒಂದಾಗುತ್ತದೆ. ಗೀರು ಬಿದ್ದ ಜಾಗವನ್ನಷ್ಟೇ ಸರಿಪಡಿಸಿ ಪಾಲಿಶ್ ಮಾಡಬಹುದು. ಆದರೆ ಅದೇ ಪ್ರಬಲ ಥಿನ್ನರ್ ಕೆಳಗಿರುವ ಎನಾಮೆಲ್ ಪದರವನ್ನು ಉಬ್ಬಿಸಿ ಸುಕ್ಕುಗಟ್ಟಿಸಿಬಿಡುತ್ತದೆ. ಹಿಂದೊಮ್ಮೆ ಬ್ರಷ್ಷಿನಿಂದ ಎನಾಮೆಲ್ ಬಳಿದ ಬೀರಿನ ಮೇಲೆ ಡ್ಯೂಕೋ ಸಿಂಪಡಿಸಿ ಕೈಸುಟ್ಟುಕೊಂಡವರು ಅನೇಕರು.

ಹಳೆಯ ಬಣ್ಣ ಯಾವುದೆಂದು ತಿಳಿಯಲು ಒಂದು ಸರಳ ಪರೀಕ್ಷೆಯುಂಟು. ಕಣ್ಣಿಗೆ ಬೀಳದ ಮೂಲೆಯಲ್ಲಿ ಥಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆಯನ್ನು ಕೆಲಕಾಲ ಒತ್ತಿ ಹಿಡಿದು ಉಜ್ಜಬೇಕು. ಬಣ್ಣ ಕರಗಿ ಬಟ್ಟೆಗೆ ಇಳಿದರೆ ಅದು ಸೆಲ್ಯುಲೋಸ್ ಅಥವಾ ಅದರಂತೆ ಒಣಗುವ ಬಣ್ಣ. ಉಬ್ಬಿ ಸುಕ್ಕಾದರೆ ಎನಾಮೆಲ್. ಅದನ್ನು ಲೋಹದವರೆಗೂ ತೆಗೆಯುವುದೇ ಲೇಸು. ಏನೂ ಆಗದಿದ್ದರೆ ಕಾರ್ಖಾನೆಯಲ್ಲಿ ಕುಲುಮೆಯ ಕಾವಿನಲ್ಲಿ ಗಟ್ಟಿಗೊಳಿಸಿದ ಬಣ್ಣವಿರಬಹುದು; ಭದ್ರವಾಗಿ ಅಂಟಿಕೊಂಡಿದ್ದರೆ ಉಜ್ಜಿ ಹೊಳಪು ತೆಗೆದು ಅದರ ಮೇಲೆಯೇ ಕೆಲಸ ಮುಂದುವರಿಸಬಹುದು.

ಎಲ್ಲ ಲೋಹದ ವಸ್ತುಗಳಿಗೂ ಈ ಬಣ್ಣ ತಕ್ಕುದಲ್ಲ. ಬೀರು, ಹಳೆಯ ಹೊಲಿಗೆ ಯಂತ್ರ, ಮೇಜಿನ ಫ್ಯಾನು, ಜೋಪಾನವಾಗಿ ಉಳಿಸಿಕೊಂಡ ಸ್ಕೂಟರು ಇವುಗಳಿಗೆ ಇದರ ನಯ, ಹೊಳಪು ಒಪ್ಪುತ್ತವೆ. ಬಿಸಿಲು ಮಳೆಗೆ ಒಡ್ಡಿದ ಕಿಟಕಿಯ ಗ್ರಿಲ್, ಗೇಟುಗಳಿಗೆ ಇದನ್ನು ಬಳಸುವುದು ದುಡ್ಡಿನ ದಂಡವೇ ಸರಿ. ಪದರ ತೆಳು, ಬಿಸಿಲಿಗೆ ಹಳದಿಗೂಡುತ್ತದೆ, ಕ್ರಮೇಣ ಬಿರುಕು ಬಿಡುತ್ತದೆ. ಅಲ್ಲಿಗೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮೆಲ್ ಸಾಕು. ಬ್ರಷ್ಷನ್ನೇ ನೆಚ್ಚಿದವರಿಗೂ ಸೆಲ್ಯುಲೋಸ್ ಹಿಡಿಸದು. ಎರಡನೆಯ ಸಲ ಬ್ರಷ್ ಎಳೆದಾಗ ಮೊದಲ ಪದರ ಕರಗಿ ಜೊತೆಗೆ ಬರುತ್ತದೆ.

ಇನ್ನು ಪ್ರೈಮರ್. ಬಣ್ಣ ಲೋಹಕ್ಕೆ ನೇರವಾಗಿ ಚೆನ್ನಾಗಿ ಅಂಟುವುದಿಲ್ಲ. ಇವೆರಡನ್ನು ಬೆಸೆಯುವುದು ಪ್ರೈಮರಿನ ಕೆಲಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರಿದೇ ‘ಪ್ರೈಮರ್’ ಎಂದು ಕೇಳಿದರೆ ಸಾಮಾನ್ಯವಾಗಿ ಎಣ್ಣೆ ಮೂಲದ ರೆಡ್ ಆಕ್ಸೈಡ್ ಸಿಗುತ್ತದೆ. ಅದರ ಮೇಲೆ ಡ್ಯೂಕೋ ಹೊಡೆದರೆ ಮೇಲೆ ಹೇಳಿದ ಸುಕ್ಕಿನ ಪಾಡು ತಪ್ಪಿದ್ದಲ್ಲ. ‘ಎನ್.ಸಿ. ಪ್ರೈಮರ್ ಸರ್ಫೇಸರ್’ ಎಂದು ಸ್ಪಷ್ಟವಾಗಿ ಕೇಳಿ ಪಡೆಯಬೇಕು; ಪ್ರೈಮರ್, ಪುಟ್ಟಿ, ಬಣ್ಣ, ಥಿನ್ನರ್ ನಾಲ್ಕೂ ಒಂದೇ ತಯಾರಕರದಾಗಿದ್ದರೆ ಉತ್ತಮ. ಅಲ್ಯುಮಿನಿಯಂ ಮತ್ತು ಸತುವು ಲೇಪಿಸಿದ ತಗಡುಗಳಿಗೆ ಮೊದಲು ಎಚ್ ಪ್ರೈಮರ್ ಬೇಕು. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಲೋಹದ ಮೈಯನ್ನು ಕೊಂಚ ಕೊರೆದು ಹಿಡಿತ ಒದಗಿಸುತ್ತದೆ. ಸತುವಿನ ಮೇಲೆ ಎಣ್ಣೆ ಮೂಲದ ಪ್ರೈಮರ್ ಬಳಿದರೆ ಎರಡೂ ಸೇರಿ ಸಾಬೂನಿನಂತಹ ಪದರವಾಗಿ ಬಣ್ಣ ಹಾಳೆ ಹಾಳೆಯಾಗಿ ಕಳಚುತ್ತದೆ.

ಪ್ರೈಮರ್ ಹಚ್ಚಿದ ಮಾತ್ರಕ್ಕೆ ಲೋಹಕ್ಕೆ ರಕ್ಷಣೆ ದೊರೆಯಿತೆಂದು ಅನೇಕರು ನಂಬುತ್ತಾರೆ. ಇದು ತಪ್ಪು. ಸರ್ಫೇಸರ್ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ತೇವ ಅದರ ಮೂಲಕ ಒಳಗಿಳಿಯುತ್ತದೆ. ಪ್ರೈಮರ್ ಹೊಡೆದ ಬೀರನ್ನು ‘ಮುಂದಿನ ಭಾನುವಾರ ನೋಡೋಣ’ ಎಂದು ಬಾಲ್ಕನಿಯಲ್ಲಿ ಬಿಟ್ಟರೆ ತುಕ್ಕು ಬಣ್ಣಕ್ಕಿಂತ ಮೊದಲೇ ಅಲ್ಲಿ ಸೇರಿಕೊಂಡಿರುತ್ತದೆ.

ಪ್ರೈಮರಿಗೂ ಮುಂಚೆ ಆಗಬೇಕಾದದ್ದು ಶುದ್ಧಿ. ಮೊದಲು ಜಿಡ್ಡು, ನಂತರ ತುಕ್ಕು ಎಂಬ ಕ್ರಮವನ್ನು ಬದಲಿಸಬಾರದು. ಜಿಡ್ಡಿನ ಮೇಲೆಯೇ ಉಜ್ಜಿದರೆ ಅದು ಗೀರುಗಳೊಳಗೆ ಹೊಕ್ಕು ಕೂರುತ್ತದೆ. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಅದು ಆರುವ ಮುನ್ನ ಮತ್ತೊಂದು ಒಣ ಬಟ್ಟೆಯಿಂದ ತೆಗೆಯಬೇಕು. ಬಳಿಕ ತಂತಿಯ ಬ್ರಷ್ ಮತ್ತು ಎಮರಿ ಕಾಗದದಿಂದ ಲೋಹ ಬೆಳ್ಳಗೆ ಕಾಣುವವರೆಗೂ ತುಕ್ಕನ್ನು ಉಜ್ಜಬೇಕು. ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕುನಾಶಕ ಹಚ್ಚಿ, ತೊಳೆದು, ಪೂರ್ಣ ಒಣಗಿಸಬೇಕು. ಆಮೇಲೆ ಬರಿಗೈಯಿಂದ ಮುಟ್ಟಬಾರದು. ಬೆವರಿನ ಉಪ್ಪೇ ಹೊಸ ತುಕ್ಕಿಗೆ ಬೀಜ. ಅದೇ ದಿನ ಪ್ರೈಮರ್ ಬೀಳಬೇಕು.

ಹಳೆಯ ಬಣ್ಣವನ್ನು ಒಣದಾಗಿ ಉಜ್ಜುವುದು ಅಪಾಯಕರ. ಅದರಲ್ಲಿ ಸೀಸವಿರುವ ಸಂಭವವುಂಟು. ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ ರೂಪುಗೊಂಡದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬೀರುಗಳ ಪುಡಿ ಎಳೆಯ ಮಕ್ಕಳ ಮಿದುಳಿಗೆ ವಿಷ. ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿ, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳೂ ಗರ್ಭಿಣಿಯರೂ ಹತ್ತಿರವಿರಕೂಡದು.

ಪುಟ್ಟಿಯನ್ನು ಪ್ರೈಮರಿನ ಮೇಲೆ ತೆಳುವಾಗಿ, ಪ್ರತಿ ಪದರವೂ ಒಣಗಿದ ನಂತರ ಮತ್ತೊಂದರಂತೆ ಎಳೆಯಬೇಕು. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತಿದರೆ ಒಳಗಿನ ಥಿನ್ನರ್ ಸಿಕ್ಕಿಬಿದ್ದು, ತಿಂಗಳ ನಂತರ ಅದು ಕುಗ್ಗಿ ಗುಳಿ ತೋರುತ್ತದೆ. 320, 400 ನಂಬರಿನ ಕಾಗದದಿಂದ ನುಣುಪು ಮಾಡಿ, ಮತ್ತೊಮ್ಮೆ ಪ್ರೈಮರ್ ಹೊಡೆದು, 600ರಿಂದ ಮುಗಿಸುವುದು ರೂಢಿ.

ಬಣ್ಣಕ್ಕೆ ಸುಮಾರು ಸಮಪ್ರಮಾಣದ ಥಿನ್ನರ್ ಬೆರೆಸಿ, ಸೋಸಿ, ಸ್ಪ್ರೇ ಗನ್ನನ್ನು 6ರಿಂದ 8 ಅಂಗುಲ ದೂರದಲ್ಲಿ ಸಮನಾಗಿ ಚಲಿಸುತ್ತ ಮೂರು ನಾಲ್ಕು ತೆಳು ಪದರಗಳನ್ನು ಹೊಡೆಯಬೇಕು. ಮಳೆಗಾಲದಲ್ಲಿ ಈ ಕೆಲಸ ಬೇಡ. ಥಿನ್ನರ್ ಬೇಗ ಆವಿಯಾಗುವಾಗ ಲೋಹದ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಳಿದು ಬಣ್ಣ ಹಾಲಿನಂತೆ ಮಬ್ಬಾಗುತ್ತದೆ. ಮುಂಬಯಿಯ ಆಷಾಢದಲ್ಲಿ ಇದನ್ನು ತಪ್ಪಿಸಲು ನಿಧಾನವಾಗಿ ಆರುವ ಥಿನ್ನರ್ ಕೊಂಚ ನೆರವಾದೀತು. ದೀಪಾವಳಿಯ ನಂತರದ ಒಣ ಹವೆಗೆ ಅದು ಸಾಟಿಯಲ್ಲ.

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ವಿಷಯ ಬೆಂಕಿ. ಥಿನ್ನರಿನ ಆವಿ ಕೋಣೆಯ ಸಾಮಾನ್ಯ ಉಷ್ಣತೆಯಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ನೆಲದ ಮೇಲೆ ಹರಿದು ಪಕ್ಕದ ಕೋಣೆಯ ಗ್ಯಾಸ್ ಒಲೆಯನ್ನೋ ದೇವರ ದೀಪವನ್ನೋ ತಲುಪಬಲ್ಲದು. ಒಂದೇ ಕೋಣೆಯ ಮನೆಗಳಲ್ಲಿ ಬಾಗಿಲು ಮುಚ್ಚಿ ಡ್ಯೂಕೋ ಹೊಡೆಯುವುದು ಪ್ರಾಣಾಪಾಯ. ವಸ್ತುವನ್ನು ಗಾಳಿಯಾಡುವ ಹೊರಗಿನ ಸ್ಥಳಕ್ಕೆ, ಇಲ್ಲವೇ ವರ್ಕ್‌ಶಾಪಿಗೆ ಸಾಗಿಸಬೇಕು. ಸಾಗಣೆಯ ಖರ್ಚಿಗೆ ಹಿಂಜರಿಯಬಾರದು. ಗೋಡೆ, ನೆಲದ ಮೇಲೆ ಕೂತ ಒಣ ಬಣ್ಣದ ಧೂಳು ಇನ್ನೂ ಕೆಟ್ಟದ್ದು. ನೈಟ್ರೋಸೆಲ್ಯುಲೋಸ್ ತನ್ನ ಹಳೆಯ ಕುಲವನ್ನು ಮರೆತಿರುವುದಿಲ್ಲ. ಅದನ್ನು ನೀರಿನಿಂದ ತೋಯಿಸಿ ಗುಡಿಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಧೂಳನ್ನು ಅಷ್ಟಿಷ್ಟು ತಡೆದೀತು, ಆವಿಯನ್ನು ತಡೆಯದು. ಸಕ್ರಿಯ ಇದ್ದಿಲಿನ ಮಾಸ್ಕನ್ನು ಪೇಂಟರಿಗೆ ಕೊಡಿಸುವುದು ಕೆಲಸ ಮಾಡಿಸುವವರ ಹೊಣೆ. ಥಿನ್ನರಿನಿಂದ ಕೈ ತೊಳೆಯುವ ಅಭ್ಯಾಸವನ್ನೂ ಬಿಡಿಸಬೇಕು. ಉಳಿದ ಥಿನ್ನರನ್ನು ಮೋರಿಗೆ ಸುರಿಯದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇರಿಸಬೇಕು. ಒರೆಸಿದ ಬಟ್ಟೆಗಳನ್ನು ಗುಡ್ಡೆ ಹಾಕದೆ, ನೀರು ತುಂಬಿದ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಅಂದೇ ಸಂಜೆ ಮನೆಯಿಂದ ಹೊರಗಿಡಬೇಕು.