ಶಾಲು ಹೊದಿಸುವ ಮುನ್ನ

(ಭೂಸನೂರಿನ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಬ್ಬು ಮತ್ತು ತೊಗರಿಯ ಬೆಲೆಯ ಚರ್ಚೆ ನಡೆಯುವ ಊರಿನಲ್ಲಿ ಸಾಹಿತ್ಯ ಪ್ರಶಸ್ತಿಗಳ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಬೆಳೆಗೆ ನ್ಯಾಯವಾದ ಬೆಲೆ ಕೇಳುವ ನಾವು ಬರಹಕ್ಕೆ ಯಾವ ಬೆಲೆ ಕೊಟ್ಟಿದ್ದೇವೆ? ಇಂದಿನ ಪ್ರಶ್ನೆ ಅದೇ.

2025ರ ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್‌ರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಲಭಿಸಿತು. ಅವರ 12 ಕಥೆಗಳನ್ನು ದೀಪಾ ಭಸ್ತಿಯವರು 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದರು. 50,000 ಪೌಂಡ್‌ಗಳ ಪ್ರಶಸ್ತಿ ಮೊತ್ತ ಇಬ್ಬರಿಗೂ ಸಮನಾಗಿ ಸಂದಿತು. ಕನ್ನಡಕ್ಕೆ ಬಂದ ಮೊದಲ ಬೂಕರ್ ಅದು. ಸಹಜವಾಗಿಯೇ ನಾವೆಲ್ಲರೂ ಹೆಮ್ಮೆಪಟ್ಟೆವು, "ನಮ್ಮವರು" ಎಂದು ಹೇಳಿಕೊಂಡೆವು.

ಆದರೆ ಇದೇ ಲೇಖಕಿ 2000ನೇ ಇಸವಿಯಲ್ಲಿ, ಮಸೀದಿಯಲ್ಲಿ ಪ್ರಾರ್ಥಿಸುವ ಮಹಿಳೆಯರ ಹಕ್ಕಿನ ಪರವಾಗಿ ಮಾತನಾಡಿದ್ದಕ್ಕಾಗಿ ಮೂರು ತಿಂಗಳ ಸಾಮಾಜಿಕ ಬಹಿಷ್ಕಾರಕ್ಕೆ ಗುರಿಯಾಗಿದ್ದರು. ಆಗ ಅವರು "ನಮ್ಮವರು" ಆಗಿರಲಿಲ್ಲವೇ? 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್‌ರೂ ಇಂತಹುದೇ ವಿರೋಧ ಎದುರಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಸಂತಾಪ ಸೂಚಿಸಿದವರಲ್ಲಿ ಅವರ ಒಂದು ಪುಸ್ತಕವನ್ನಾದರೂ ಓದಿದ್ದವರೆಷ್ಟು? ಅವರೆಲ್ಲರ ಅಭಿಪ್ರಾಯಗಳನ್ನು ಒಪ್ಪಲೇಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಓದದೆಯೇ ತಿರಸ್ಕರಿಸಿ, ಪರರು ಗೌರವಿಸಿದ ಬಳಿಕ ಅಪ್ಪಿಕೊಳ್ಳುವುದು ಪ್ರಾಮಾಣಿಕತೆಯಲ್ಲ.

ಮದ್ರಸದಲ್ಲಿ ನಾವು ಕಅಬ್ ಬಿನ್ ಝುಹೈರ್‌ರ ಘಟನೆಯನ್ನು ಓದಿದ್ದೆವು. ಪ್ರವಾದಿವರ್ಯರನ್ನು(ಸ) ನಿಂದಿಸಿ ಕವಿತೆ ಕಟ್ಟಿದ್ದ ಕವಿ ಅವರು. ಮುಂದೆ ಮದೀನಕ್ಕೆ ಬಂದು ಕ್ಷಮೆ ಕೋರಿ ಕವಿತೆ ಹಾಡಿದಾಗ ಪ್ರವಾದಿವರ್ಯರು(ಸ) ತಮ್ಮ ಹೊದಿಕೆಯನ್ನೇ ಅವರಿಗೆ ನೀಡಿದರೆಂಬುದು ಪ್ರಸಿದ್ಧ. ಟೀಕಿಸಿದ್ದ ಕವಿಗೂ ಹೊದಿಕೆ ಕೊಟ್ಟ ಪರಂಪರೆಯ ವಾರಸುದಾರರು ನಾವು ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ. ಪ್ರಶಸ್ತಿಯು ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಗೌರವ. ಫೆಲೋಶಿಪ್ ಆದರೋ ಮಾಡಬೇಕಾದ ಕೆಲಸಕ್ಕೆ ಸಿಗುವ ಆಸರೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಮೊತ್ತ ಒಂದು ಲಕ್ಷ ರೂಪಾಯಿ. ಅದು ಕೈಸೇರುವ ವೇಳೆಗೆ ಹೆಚ್ಚಿನವರ ತಲೆ ನರೆತಿರುತ್ತದೆ. ಬರಹಗಾರನಿಗೆ ಹಣ ಮತ್ತು ಬಿಡುವು ಅತ್ಯಗತ್ಯವಾಗಿರುವುದು ಇಪ್ಪತ್ತೈದರ ವಯಸ್ಸಿನಲ್ಲಿ. ಹಗಲು ದುಡಿದು ರಾತ್ರಿ ಬರೆಯುವ ಕಾಲದಲ್ಲಿ.

ನಮ್ಮ ಭಾಗದಲ್ಲಿ ಪ್ರತಿಭೆಗೆ ಬರವೇನೂ ಇಲ್ಲ. ನಮ್ಮದೇ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದ, ಗಿರಣಿ ಕಾರ್ಮಿಕನ ಮಗಳಾದ ಗೀತಾ ನಾಗಭೂಷಣರು 2004ರಲ್ಲಿ 'ಬದುಕು' ಕಾದಂಬರಿಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವರು. ರಾಯಚೂರು ಜಿಲ್ಲೆಯ ಆರಿಫ್ ರಾಜಾರವರು 'ಜಂಗಮ ಫಕೀರನ ಜೋಳಿಗೆ' ಕವನ ಸಂಕಲನಕ್ಕಾಗಿ 2012ರಲ್ಲಿ ಅದೇ ಅಕಾಡೆಮಿಯ ಯುವ ಪುರಸ್ಕಾರ ಪಡೆದರು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ ಎಂಬುದು ಕೊರತೆಯಲ್ಲ. ಎಂಟರ ವಯಸ್ಸಿನಲ್ಲಿ ಕನ್ನಡ ಶಾಲೆ ಸೇರಿದ ಬಾನು ಮುಷ್ತಾಕ್‌ರೇ ಅದಕ್ಕೆ ಸಾಕ್ಷಿ.

ಅವಕಾಶಗಳೂ ಇವೆ. ಯುವ ಪುರಸ್ಕಾರಕ್ಕೆ 35 ವರ್ಷ ವಯೋಮಿತಿಯಿದೆ, ಮೊತ್ತ 50,000 ರೂಪಾಯಿ. ಚೊಚ್ಚಲ ಕೃತಿಯ ಪ್ರಕಟಣೆಗಾಗಿ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರಿಗೆ ಪ್ರೋತ್ಸಾಹಧನ ನೀಡುತ್ತಾ ಬಂದಿದೆ. 2021ರಲ್ಲಿ ಕೇಂದ್ರ ಸರಕಾರದ 'ಯುವ' ಯೋಜನೆಯಡಿ 30ರೊಳಗಿನ 75 ಲೇಖಕರಿಗೆ ಆರು ತಿಂಗಳ ಕಾಲ ತಿಂಗಳಿಗೆ 50,000 ರೂಪಾಯಿಯಂತೆ ನೆರವು ಪ್ರಕಟವಾಯಿತು. ಇವುಗಳ ಪ್ರಕಟಣೆ ನಮ್ಮ ಹಳ್ಳಿಗಳ ಎಷ್ಟು ಮಕ್ಕಳ ಕಣ್ಣಿಗೆ ಬಿದ್ದಿದೆ?

ಹಾಗೆಂದು ಸರಕಾರದ ಹಣ ಪಡೆದವನು ಬಾಯಿ ಮುಚ್ಚಿಕೊಂಡಿರಬೇಕೆಂದಿಲ್ಲ. 2015ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯಾದಾಗ ರಹಮತ್ ತರೀಕೆರೆಯವರು ತಮ್ಮ ಅಕಾಡೆಮಿ ಪ್ರಶಸ್ತಿಯನ್ನು ಹಿಂದಿರುಗಿಸಿದರು. ಗೌರವವನ್ನು ಸ್ವೀಕರಿಸಿದಂತೆಯೇ ಅದನ್ನು ಮರಳಿಸುವುದಕ್ಕೂ ಬರಹಗಾರನಿಗೆ ಧೈರ್ಯ ಬೇಕು.

ಸರಕಾರವನ್ನು ದೂರುವ ಮೊದಲು ನಮ್ಮ ಪಾಲನ್ನು ನೋಡೋಣ. ಒಂದು ಮದುವೆಯ ದೀಪಾಲಂಕಾರಕ್ಕೆ ಖರ್ಚಾಗುವ ಹಣದಲ್ಲಿ ಒಬ್ಬ ಯುವಕನೋ ಯುವತಿಯೋ ಆರು ತಿಂಗಳು ಕುಳಿತು ಬರೆಯಬಹುದು. ಪ್ರತಿಯೊಂದು ಜಮಾಅತ್ ಒಂದು ಕನ್ನಡ ಪುಸ್ತಕದ ಕಪಾಟು ಇಡಲಿ. ನಾಲ್ಕೈದು ಊರುಗಳು ಸೇರಿ ವರ್ಷಕ್ಕೊಬ್ಬರಿಗೆ ಸಣ್ಣದೊಂದು ಸಹಾಯಧನ ಕೊಡಲಿ. ಷರತ್ತು ಒಂದೇ: ಏನು ಬರೆಯಬೇಕೆಂದು ಕೊಟ್ಟವರು ಹೇಳಕೂಡದು. ಬರೆದದ್ದು ನಮ್ಮನ್ನೇ ಟೀಕಿಸಿದರೂ ಮೊದಲು ಓದಬೇಕು, ಭಿನ್ನಾಭಿಪ್ರಾಯವಿದ್ದರೆ ಬರಹದಲ್ಲೇ ಉತ್ತರಿಸಬೇಕು.

ಈ ಸಭೆಯ ಹಿಂದಿನ ಸಾಲಿನಲ್ಲಿ ನೋಟುಪುಸ್ತಕವನ್ನು ಬಚ್ಚಿಟ್ಟುಕೊಂಡು ಕುಳಿತ ಹುಡುಗಿಯೊಬ್ಬಳು ಇರಬಹುದು. ಅವಳು ಏನು ಬರೆದಿದ್ದಾಳೆಂದು ಲಂಡನ್ನಿನವರಿಗಿಂತ ಮೊದಲು ನಾವು ಕೇಳೋಣ. ಶಾಲು ಹೊದಿಸುವುದು ಆಮೇಲಿನ ಮಾತು.