ರಕ್ತ ಹೇಳುವುದು, ಲಸಿಕೆ ಬದಲಿಸಿದ್ದು



ಕೋವಿಡ್‌ನ ಎರಡನೆಯ ಅಲೆ ಎದ್ದ 2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಪ್ರಯೋಗಾಲಯದ ಕೆಲವು ಶಬ್ದಗಳು ನಮ್ಮ ಮನೆಮಾತಿನೊಳಗೆ ನುಗ್ಗಿದವು. “ಸಿಆರ್‌ಪಿ ಎಷ್ಟು ಬಂತು?”, “ಡಿ-ಡೈಮರ್ ಮಾಡಿಸಿದ್ರಾ?” ಎಂದು ಜನ ಫೋನಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ಜ್ವರ ಬಂದ ಮರುದಿನವೇ ರಕ್ತ ಕೊಟ್ಟು, ವರದಿಯಲ್ಲಿ ದಪ್ಪಕ್ಷರದಲ್ಲಿ ಬಂದ ಅಂಕಿ ಕಂಡು ನಿದ್ದೆಗೆಟ್ಟವರಿದ್ದರು. ಅಂಕಿ ಕಡಿಮೆಯಿದೆಯೆಂದು ನೆಮ್ಮದಿಯಾಗಿದ್ದು, ಎಂಟನೆಯ ದಿನ ಏದುಸಿರು ಬಿಟ್ಟವರೂ ಇದ್ದರು. ಆ ಅಂಕಿಗಳು ಏನು ಹೇಳಬಲ್ಲವು, ಲಸಿಕೆ ಬಂದ ಮೇಲೆ ಅವನ್ನು ಹೇಗೆ ಓದಬೇಕು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಸಿಆರ್‌ಪಿ ಎಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ಹಳೆಯ ಪರಿಚಯ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಗುರುತಿಸಿದರು. ಇದನ್ನು ತಯಾರಿಸುವುದು ರೋಗಾಣುವಲ್ಲ, ನಮ್ಮದೇ ಯಕೃತ್ತು. ದೇಹದಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ರಕ್ಷಣಾ ಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತುವನ್ನು ಬಿಡುತ್ತವೆ. ಅದು ಯಕೃತ್ತನ್ನು ಮುಟ್ಟಿದ ಕೆಲವೇ ಗಂಟೆಗಳಲ್ಲಿ ಸಿಆರ್‌ಪಿ ಏರತೊಡಗಿ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಪ್ರಚೋದನೆ ನಿಂತಿತೆಂದರೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಆದ್ದರಿಂದ ಒಂಟಿ ಅಂಕಿಗಿಂತ ಎರಡು ಅಂಕಿಗಳ ನಡುವಿನ ಏರಿಳಿತಕ್ಕೇ ಬೆಲೆ ಹೆಚ್ಚು. ಸಂಧಿವಾತ, ಬೊಜ್ಜು, ಶಸ್ತ್ರಚಿಕಿತ್ಸೆಯ ಗಾಯ ಇವೂ ಅದನ್ನು ಏರಿಸುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಕೋವಿಡ್‌ನಲ್ಲಿ ಮೊದಲ ವಾರ ಬಹುಮಟ್ಟಿಗೆ ವೈರಸ್ಸಿನದು. ಕೆಲವರಲ್ಲಿ ಮಾತ್ರ, ಎರಡನೆಯ ವಾರದ ಹೊತ್ತಿಗೆ, ದೇಹದ ಪ್ರತಿಕ್ರಿಯೆಯೇ ಹದ್ದು ಮೀರಿ ಶ್ವಾಸಕೋಶವನ್ನು ಕೆಡಿಸುತ್ತದೆ. ಈ ಕಾಲಭೇದ ತಿಳಿಯದೆ ಮಾಡಿಸಿದ ಪರೀಕ್ಷೆಗೆ ಅರ್ಥ ಕಡಿಮೆ. ಅದನ್ನು ನೋಡಿ ಕೊಟ್ಟ ಔಷಧಿ ಅಪಾಯಕಾರಿಯೂ ಆಗಬಹುದು. ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿದ್ದು ಇದನ್ನೇ: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತು, ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಯಾವ ಲಾಭವೂ ಆಗಲಿಲ್ಲ. ಅದಾಗಿ ವರ್ಷ ಕಳೆಯುವ ಮುನ್ನವೇ ನಮ್ಮಲ್ಲಿ ಸಣ್ಣ ಜ್ವರಕ್ಕೂ ಸ್ಟೀರಾಯ್ಡ್ ನುಂಗಿದವರನ್ನು ನೆನೆದರೆ ಸಂಕಟವಾಗುತ್ತದೆ. ಸೌಮ್ಯ ಕಾಯಿಲೆಗೆ ಸಿ.ಟಿ. ಸ್ಕ್ಯಾನೂ ಬೇಡ, ಈ ರಕ್ತಪರೀಕ್ಷೆಗಳೂ ಬೇಡ ಎಂದು 2021ರ ಮೇ ತಿಂಗಳಲ್ಲಿ ಏಮ್ಸ್ ನಿರ್ದೇಶಕ ರಣದೀಪ್ ಗುಲೇರಿಯಾ ಬಹಿರಂಗವಾಗಿಯೇ ಹೇಳಬೇಕಾಯಿತು.

ಹಾಗಾದರೆ ಸಿಆರ್‌ಪಿ ಎಲ್ಲಿ ಉಪಯುಕ್ತ? ಆಸ್ಪತ್ರೆಗೆ ದಾಖಲಾದವರಲ್ಲಿ, ಬೇರೆ ಲಕ್ಷಣಗಳ ಜೊತೆಯಲ್ಲಿ. ಬ್ರಿಟನ್ನಿನಲ್ಲಿ 35 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯಿಂದ ರೂಪಿಸಿದ ‘4ಸಿ’ ಅಂಕಪಟ್ಟಿಯನ್ನೇ ನೋಡಿ. ಒಟ್ಟು 21 ಅಂಕಗಳಲ್ಲಿ ಸಿಆರ್‌ಪಿಗೆ ಸಿಗುವುದು ಹೆಚ್ಚೆಂದರೆ 2. ಎಂಬತ್ತು ದಾಟಿದ ವಯಸ್ಸಿಗೆ 7. ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ರಕ್ತದ ಯೂರಿಯಾ ಇವಕ್ಕೂ ಪಾಲಿದೆ. ಆದರೆ ಆ ಪಟ್ಟಿಯಲ್ಲಿ ಲಸಿಕೆಗೆ ಜಾಗವಿಲ್ಲ. ಅದು ಹುಟ್ಟಿದ್ದು 2020ರಲ್ಲಿ. ಆಗ ಲಸಿಕೆಯೇ ಇರಲಿಲ್ಲ.

ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ನಮ್ಮ ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು, ಆರೋಗ್ಯ ಸಿಬ್ಬಂದಿಯಿಂದ. ಎರಡನೆಯ ಅಲೆಯ ನಡುವೆಯೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಸಿಬ್ಬಂದಿಯ ಲೆಕ್ಕ ತೆಗೆಯಿತು. ಎರಡು ಡೋಸ್ ಪಡೆದವರಿಗೆ ಸೋಂಕಿನಿಂದಲೇ ದೊರೆತ ರಕ್ಷಣೆ ಶೇ. 65, ಆಸ್ಪತ್ರೆ ಸೇರುವುದರಿಂದ ಶೇ. 77, ಆಮ್ಲಜನಕದ ಅಗತ್ಯದಿಂದ ಶೇ. 92, ತೀವ್ರ ನಿಗಾ ಘಟಕದಿಂದ ಶೇ. 94. ಕಾಯಿಲೆಯ ಮೆಟ್ಟಿಲು ಏರಿದಂತೆಲ್ಲ ರಕ್ಷಣೆಯೂ ಏರಿದೆ. ಲಸಿಕೆ ವೈರಸ್ಸಿಗೆ ಬಾಗಿಲು ಪೂರ್ತಿ ಮುಚ್ಚದಿದ್ದರೂ, ಹೆಚ್ಚಿನವರಲ್ಲಿ ಉರಿಯೂತ ಹದ್ದು ಮೀರುವ ಹಂತಕ್ಕೆ ಹೋಗಗೊಡುವುದಿಲ್ಲ. ಆದ್ದರಿಂದ ಜ್ವರದ ಮೂರನೆಯ ದಿನ ಇಬ್ಬರಲ್ಲೂ ಸಿಆರ್‌ಪಿ 40 ಇರಲಿ; ಲಸಿಕೆ ಪಡೆದ ಮೂವತ್ತರ ಯುವತಿಗೂ ಲಸಿಕೆಯೇ ಪಡೆಯದ ಎಪ್ಪತ್ತರ ಸಕ್ಕರೆ ಕಾಯಿಲೆಯ ಅಜ್ಜನಿಗೂ ಅದರ ಅರ್ಥ ಒಂದೇ ಅಲ್ಲ.

ಇದರ ಮತ್ತೊಂದು ಮಗ್ಗುಲೂ ಇದೆ. ಲಸಿಕೆ ಪಡೆದೂ ಉಸಿರು ಕಟ್ಟಿ ಆಸ್ಪತ್ರೆಗೆ ಬಂದವರ ಏರಿದ ಅಂಕಿಯನ್ನು ಹಗುರಾಗಿ ಕಾಣಬಾರದು. ಅವರಲ್ಲಿ ಅನೇಕರು ಮುದುಕರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸದವರು. ಇನ್ನು ಟೋಸಿಲಿಜುಮಾಬ್ ಕೊಟ್ಟ ಮೇಲೆ ಸಿಆರ್‌ಪಿಯನ್ನು ನಂಬುವಂತೆಯೇ ಇಲ್ಲ. ಆ ಔಷಧಿ ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಕಟ್ಟುವುದರಿಂದ, ಒಳಗೆ ಹೊಸ ಬ್ಯಾಕ್ಟೀರಿಯಾ ಸೋಂಕು ಬೆಳೆಯುತ್ತಿದ್ದರೂ ಅಂಕಿ ತಳದಲ್ಲೇ ಇರಬಹುದು.

ವೈದ್ಯಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೇ: ಸಿಆರ್‌ಪಿ ಬರೆಯುವ ಚೀಟಿಯಲ್ಲೇ ಜ್ವರದ ಎಷ್ಟನೆಯ ದಿನ, ಕೊನೆಯ ಡೋಸ್ ಯಾವ ತಿಂಗಳು ಎಂಬ ಎರಡು ಮಾತನ್ನೂ ಬರೆಯಿರಿ. ಸಭಿಕರಲ್ಲಿ ಕೋರುವುದು, ವೈದ್ಯರು ಹೇಳದೆ ನೀವಾಗಿ ಪ್ರಯೋಗಾಲಯಕ್ಕೆ ಹೋಗಬೇಡಿ. ಮನೆಯಲ್ಲಿ ಅರುವತ್ತು ದಾಟಿದವರಿದ್ದರೆ ಅವರ ಲಸಿಕೆಗಳು ಬಾಕಿ ಇವೆಯೇ ಎಂದು ಈ ವಾರವೇ ನಿಮ್ಮ ವೈದ್ಯರನ್ನು ಕೇಳಿ.